ಸುನ್ನತಿ ಆಪರೇಷನ್ ಮಾಡಿಸಿಕೊಂಡರೆ ಫೀಲಿಂಗ್ ಕಡಿಮೆ ಆಗುತ್ತಾ? ಗೊತ್ತಿರುವವರು ದಯವಿಟ್ಟು ಹೇಳಿ

ತುಂಗಾತೀರ

ನನಗೆ 31 ವರ್ಷ. ಮದುವೆಯಾಗಿ ವರ್ಷ ದಾಟಿದೆ. ಮುಂದೊಗಲು ಪೂರ್ತಿ ಹಿಂದೆ ಸರಿಯುವುದಿಲ್ಲ. ಸಾಮಾನ್ಯ ಸ್ಥಿತಿಯಲ್ಲಿ ಅರ್ಧ ಸರಿಯುತ್ತದೆ, ಗಡುಸಾದಾಗ ಜಪ್ಪಯ್ಯ ಅಂದರೂ ಇಲ್ಲ. ಬಲವಂತ ಮಾಡಿದರೆ ಅಂಚಿನಲ್ಲಿ ಸಣ್ಣಗೆ ಸೀಳಿ ಎರಡು ದಿನ ಉರಿ. ಹೆಂಡತಿಗೂ ವಿಷಯ ಗೊತ್ತು.

ಯೂರಾಲಜಿಸ್ಟ್ ಹತ್ತಿರ ಹೋದೆ. ನೋಡಿದ ತಕ್ಷಣ "ಫೈಮೋಸಿಸ್ (ಮುಂದೊಗಲು ಬಿಗಿ), ಸರ್ಕಮ್ಸಿಷನ್ (ಸುನ್ನತಿ) ಮಾಡಿಬಿಡೋಣ, ಬೆಳಿಗ್ಗೆ ಬಂದರೆ ಸಂಜೆ ಮನೆಗೆ" ಎಂದರು. ಮಾಡಿಸಿದ ಮೇಲೆ ಫೀಲಿಂಗ್ ಹೇಗಿರುತ್ತೆ ಅಂತ ಕೇಳಿದೆ. ನಕ್ಕರು. "ಅರ್ಧ ಪ್ರಪಂಚ ಹಾಗೇ ಇದೆ, ಚೆನ್ನಾಗಿಯೇ ಇದ್ದಾರಲ್ಲ" ಎಂದರು. ಅಷ್ಟೇ ಉತ್ತರ.

ನೆಟ್‌ನಲ್ಲಿ ಹುಡುಕಿದರೆ ಒಬ್ಬ ಮುಕ್ಕಾಲು ಸುಖ ಹೋಗುತ್ತೆ ಅನ್ನುತ್ತಾನೆ, ಇನ್ನೊಬ್ಬ ಏನೂ ಆಗಲ್ಲ, ಇನ್ನೂ ಚೆನ್ನಾಗಿರುತ್ತೆ ಅನ್ನುತ್ತಾನೆ. ಯಾರನ್ನು ನಂಬುವುದು? ಮಾಡಿಸಿಕೊಂಡವರು ಯಾರಾದರೂ ಇದ್ದರೆ ಹೇಳಿ. ಹಾಸ್ಯ ಮಾಡುವವರು ಮುಂದೆ ಹೋಗಿ.

ಬಂದರು_ಹುಡುಗ

ಸರ್, ನಾನು ಮುಸ್ಲಿಂ. ಶಾಲೆಗೆ ಸೇರುವ ಹೊತ್ತಿಗೆ ಮಾಡಿಸಿದರು. ಫೀಲಿಂಗ್ ಚೆನ್ನಾಗಿದೆ, ಸಂಸಾರ ಚೆನ್ನಾಗಿದೆ, ಮಕ್ಕಳಿದ್ದಾರೆ. ಆದರೆ ನಿಜ ಹೇಳಬೇಕೆಂದರೆ ನನ್ನ ಉತ್ತರದಿಂದ ನಿಮಗೆ ಉಪಯೋಗ ಇಲ್ಲ. ಮೊದಲು ಹೇಗಿತ್ತು ಅಂತ ನನಗೆ ಗೊತ್ತಿದ್ದರೆ ತಾನೇ ಹೋಲಿಸೋದು? ನಿಮಗೆ ಬೇಕಾಗಿರುವುದು ಎರಡೂ ಕಂಡವರು. ದೊಡ್ಡವರಾದ ಮೇಲೆ ಮಾಡಿಸಿಕೊಂಡವರು ಬರಲಿ, ಕಾಯಿರಿ.

ಡಂಬಲ್_ದೊರೆ

ಬ್ರೋ ಕಣ್ಣು ಮುಚ್ಚಿ ಮಾಡಿಸು. ಟೈಮಿಂಗ್ ಜಾಸ್ತಿ ಆಗುತ್ತೆ. ಸೆನ್ಸಿಟಿವಿಟಿ ಕಡಿಮೆ ಆದರೆ ಒಳ್ಳೆಯದೇ ಅಲ್ವಾ? ನಮ್ಮ ಜಿಮ್‌ನಲ್ಲಿ ಎಲ್ಲರೂ ಇದನ್ನೇ ಹೇಳ್ತಾರೆ.

ಕಟ್ಟೆಪುರಾಣ

ಡಂಬಲ್ ದೊರೆಗಳೇ, ಜಿಮ್‌ನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡು ಅಳೆದಿದ್ದೀರಾ? ಬೇರೆಯವರು ಅಳೆದಿದ್ದಾರೆ. 2005ರಲ್ಲಿ ವಾಲ್ಡಿಂಗರ್ ಎಂಬ ಡಚ್ ವೈದ್ಯರ ತಂಡ ನೆದರ್ಲೆಂಡ್ಸ್, ಬ್ರಿಟನ್, ಸ್ಪೇನ್, ಟರ್ಕಿ, ಅಮೆರಿಕ ಈ ಐದು ದೇಶಗಳ 500 ಜೋಡಿಗಳ ಕೈಗೆ ನಿಜವಾಗಿಯೂ ಸ್ಟಾಪ್‌ವಾಚ್ ಕೊಟ್ಟಿತು. ಸಂಭೋಗ ಶುರುವಾಗಿ ಸ್ಖಲನ ಆಗುವವರೆಗಿನ ಸಮಯ, ಎಲ್ಲ ಸೇರಿ ನಡು ಅಂಕಿ 5.4 ನಿಮಿಷ. ಎಲ್ಲಕ್ಕಿಂತ ಕಡಿಮೆ ಬಂದದ್ದು ಟರ್ಕಿಯಲ್ಲಿ, 3.7 ನಿಮಿಷ. ಟರ್ಕಿಯಲ್ಲಿ ಗಂಡಸರು ಹೆಚ್ಚುಕಡಿಮೆ ಎಲ್ಲರೂ ಸುನ್ನತಿ ಆದವರೇ. ಟರ್ಕಿ ಬಿಟ್ಟು ಉಳಿದ ದೇಶಗಳಲ್ಲಿ ಆದವರನ್ನೂ ಆಗದವರನ್ನೂ ಹೋಲಿಸಿದರೆ ಗಣನೆಗೆ ಬರುವಂಥ ವ್ಯತ್ಯಾಸ ಇಲ್ಲ.

ಟೈಮಿಂಗ್‌ಗೋಸ್ಕರ ಯಾರೂ ಕತ್ತರಿ ಹಿಡಿಯುವುದು ಬೇಡ. ಶೀಘ್ರಸ್ಖಲನಕ್ಕೆ ಬೇರೆ ಚಿಕಿತ್ಸೆಗಳಿವೆ.

ಅಂದಹಾಗೆ ಡಾಕ್ಟರು ಹೇಳಿದ "ಅರ್ಧ ಪ್ರಪಂಚ" ಕೂಡ ಸರಿ ಅಲ್ಲ. ಮೂರನೇ ಒಂದು ಭಾಗ ಅಥವಾ ಸ್ವಲ್ಪ ಜಾಸ್ತಿ, ಅಷ್ಟೇ.

ಸಹಜವೇ_ಸುಖ

ದಯವಿಟ್ಟು ಮಾಡಿಸಬೇಡಿ. ಮುಂದೊಗಲಿನಲ್ಲಿ 20,000 ನರತುದಿಗಳಿವೆ. ಒಮ್ಮೆ ಕತ್ತರಿಸಿದರೆ ವಾಪಸ್ ಬರಲ್ಲ. ಮಣಿ (ಮುಂದೊಗಲು ಮುಚ್ಚಿರುವ ಶಿಶ್ನದ ತುದಿ) ಒಣಗಿ ಹಿಮ್ಮಡಿ ಚರ್ಮದಂತೆ ದಪ್ಪ ಆಗುತ್ತೆ. ಹತ್ತು ವರ್ಷ ಆದಮೇಲೆ ಏನೂ ಗೊತ್ತಾಗಲ್ಲ. ಡಾಕ್ಟರುಗಳು ದುಡ್ಡಿಗೋಸ್ಕರ ಮಾಡ್ತಾರೆ.

ಯೂರಾಲಜಿ_ಪಿಜಿ

ಮೂರು ದಿನದಿಂದ ಡ್ಯೂಟಿ ಇತ್ತು, ಈಗ ನೋಡಿದೆ. ಉದ್ದವಾಗಿ ಬರೆಯುತ್ತೇನೆ, ತಾಳ್ಮೆ ಇರಲಿ.

ಮೊದಲು ಆ 20,000. 1932ರಲ್ಲಿ ಚರ್ಮದ ಒಂದು ಚಿಕ್ಕ ತುಂಡಿನಲ್ಲಿ ನರತುದಿಗಳನ್ನು ಎಣಿಸಿದ್ದರು. ಆಮೇಲೆ ಯಾರೋ ಅದನ್ನು ಇಡೀ ಮುಂದೊಗಲಿಗೆ ಗುಣಿಸಿದರು. ಗುಣಿಸಿ ಬಂದ ಅಂಕಿ ಊರೆಲ್ಲ ಓಡಾಡುತ್ತಿದೆ. ಅದನ್ನು ಪಕ್ಕಕ್ಕಿಡಿ.

ಆದರೆ ಸಹಜವೇ ಸುಖ ಹೇಳಿದ್ದರಲ್ಲಿ ಎಲ್ಲವೂ ಸುಳ್ಳಲ್ಲ. ಮುಂದೊಗಲಿಗೆ ಎರಡು ಪದರ. ಹೊರಗಿನದು ಮಾಮೂಲಿ ಚರ್ಮ. ಒಳಗಿನದು ತೆಳು, ಸ್ವಲ್ಪ ಒದ್ದೆ. ಮೈಸ್ನರ್ ಕಣಗಳು ಅಂತ ಇರುತ್ತವೆ, ನಮ್ಮ ಬೆರಳ ತುದಿಯಲ್ಲೂ ಇವೆ, ನವಿರು ಸ್ಪರ್ಶ ಹಿಡಿಯುವುದು ಇವುಗಳ ಕೆಲಸ. ಮುಂದೊಗಲಿನ ತುದಿಯ ಭಾಗದಲ್ಲಿ ಇವು ಚೆನ್ನಾಗಿಯೇ ಇವೆ. 1996ರಲ್ಲಿ ಕೆನಡಾದ ವಿನ್ನಿಪೆಗ್‌ನ ಟೇಲರ್ ಎಂಬ ರೋಗಶಾಸ್ತ್ರಜ್ಞರು ಇದನ್ನು ವಿವರವಾಗಿ ತೋರಿಸಿದರು. ಮಣಿಯಲ್ಲಿ ಮಾತ್ರ ಬಹುಪಾಲು ಬಿಡಿ ನರತುದಿಗಳು. ನವಿರು ಸ್ಪರ್ಶಕ್ಕಿಂತ ಒತ್ತು, ನೋವು, ಬಿಸಿ ಇಂಥದ್ದಕ್ಕೆ ಅದು ಚುರುಕು. ಹಾಗಾಗಿ ಚರ್ಮ ತೆಗೆದರೆ ಆ ಚರ್ಮದಲ್ಲಿದ್ದ ಸ್ಪರ್ಶ ಹೋಗುತ್ತದೆ. ಇದನ್ನು ಒಪ್ಪದ ಡಾಕ್ಟರ್ ಇದ್ದರೆ ಅನಾಟಮಿ ಮರೆತಿದ್ದಾರೆ ಅಂತ ಅರ್ಥ. ಜಗಳ ಇರುವುದು ಉಳಿದ ಭಾಗದ ಬಗ್ಗೆ. ಮಣಿ ಮೊಂಡಾಗುತ್ತದಾ? ಒಟ್ಟು ಸುಖ ಕಡಿಮೆ ಆಗುತ್ತದಾ?

ಮಣಿಯ ಬಗ್ಗೆ ಎರಡು ಅಧ್ಯಯನ ಎಲ್ಲರೂ ಎತ್ತಿ ಆಡುತ್ತಾರೆ. 2007ರಲ್ಲಿ ಸೊರೆಲ್ಸ್ ತಂಡ ತೆಳ್ಳನೆಯ ನೈಲಾನ್ ಎಳೆಗಳಿಂದ ಶಿಶ್ನದ ಬೇರೆ ಬೇರೆ ಜಾಗ ಮುಟ್ಟಿ, ಎಷ್ಟು ಹಗುರ ಸ್ಪರ್ಶ ಗೊತ್ತಾಗುತ್ತದೆ ಅಂತ ನೋಡಿತು. ಅವರ ಪ್ರಕಾರ ಅತಿ ಸೂಕ್ಷ್ಮ ಜಾಗಗಳು ಸುನ್ನತಿಯಲ್ಲಿ ತೆಗೆಯುವ ಚರ್ಮದಲ್ಲೇ ಇವೆ, ಸುನ್ನತಿ ಆದವರ ಮಣಿಯೂ ಸ್ವಲ್ಪ ಮೊಂಡು. ಅದರ ಲೇಖಕರಲ್ಲಿ ಸುನ್ನತಿ ವಿರೋಧಿ ಹೋರಾಟಗಾರರೂ ಇದ್ದರು, ಲೆಕ್ಕ ಹಾಕಿದ ರೀತಿಗೂ ಆಕ್ಷೇಪ ಬಂತು. 2016ರಲ್ಲಿ ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಬೊಸ್ಸಿಯೋ ತಂಡ 62 ಗಂಡಸರನ್ನು ಪರೀಕ್ಷಿಸಿತು. ಸ್ಪರ್ಶದ ಜೊತೆ ನೋವು, ಬೆಚ್ಚಗೆ, ಬಿಸಿ ಎಲ್ಲವನ್ನೂ ನೋಡಿದರು. ಮುಂದೊಗಲು ಹಗುರ ಸ್ಪರ್ಶಕ್ಕೆ ಹೆಚ್ಚು ಚುರುಕು ಅಂತ ಇವರಿಗೂ ಕಂಡಿತು. ಆದರೆ ಮಣಿಯ ಸಂವೇದನೆಯಲ್ಲಿ ಎರಡು ಗುಂಪಿನ ನಡುವೆ ವ್ಯತ್ಯಾಸ ಸಿಗಲಿಲ್ಲ.

ಹಿಮ್ಮಡಿ ಚರ್ಮದ ಮಾತು: 2000ದಲ್ಲಿ ಆಸ್ಟ್ರೇಲಿಯಾದವರು ಶವಗಳ ಅಂಗಾಂಶವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ್ದಾರೆ. ಮಣಿಯ ಹೊರಪದರದಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ.

ಇನ್ನು ಒಂದು ಮಾತು. ನೈಲಾನ್ ಎಳೆ ತಗುಲಿದ್ದು ಗೊತ್ತಾಯಿತಾ ಅಂತ ಕೇಳಿ ಸುಖ ಅಳೆಯುವುದು, ಉಪ್ಪಿನ ಹರಳು ಎಣಿಸಿ ಊಟದ ರುಚಿ ಹೇಳಿದ ಹಾಗೆ. ಗಡುಸಾದಾಗ, ಮನಸ್ಸು ಬೇರೆ ಕಡೆ ಇದ್ದಾಗ, ಜೊತೆಗೆ ಪ್ರೀತಿಸುವವರು ಇದ್ದಾಗ ಮಿದುಳು ಅದೇ ಸ್ಪರ್ಶವನ್ನು ಬೇರೆ ರೀತಿ ಓದುತ್ತದೆ. ಲ್ಯಾಬಿನಲ್ಲಿ ಅದು ಸಿಗುವುದಿಲ್ಲ.

ಅಂಕಿಅನಂತ

ಪಿಜಿ ಡಾಕ್ಟ್ರೇ ಚೆನ್ನಾಗಿ ಬರೆದಿರಿ. ಬಂದರು ಹುಡುಗ ಕೇಳಿದ "ಎರಡೂ ಕಂಡವರು" ಸಾವಿರಾರು ಜನ ಇದ್ದಾರೆ. ಆಫ್ರಿಕಾದಲ್ಲಿ.

ಎಚ್‌ಐವಿ ತಡೆಗೆ ಸುನ್ನತಿ ಉಪಯೋಗವಾಗುತ್ತಾ ಅಂತ ದಕ್ಷಿಣ ಆಫ್ರಿಕಾದ ಆರೆಂಜ್ ಫಾರ್ಮ್, ಕೀನ್ಯಾದ ಕಿಸುಮು, ಉಗಾಂಡಾದ ರಕಾಯ್ ಮೂರು ಕಡೆ ದೊಡ್ಡ ಪ್ರಯೋಗ ನಡೆಯಿತು. ಹೆಣ್ಣಿನಿಂದ ಗಂಡಿಗೆ ಸೋಂಕು ತಗಲುವುದು ಶೇಕಡ 60ರಷ್ಟು ಕಡಿಮೆಯಾಯಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು ಇದರ ಆಧಾರದ ಮೇಲೆ. ನಮಗೆ ಬೇಕಾದದ್ದು ಅದರ ಜೊತೆಗೆ ಕೇಳಿದ ಪ್ರಶ್ನೆಗಳು. ಎಲ್ಲರೂ ದೊಡ್ಡವರು, ಅರ್ಧ ಜನಕ್ಕೆ ಕೂಡಲೇ ಮಾಡಿದರು, ಉಳಿದವರಿಗೆ ಎರಡು ವರ್ಷ ಕಾಯಿಸಿದರು. ಯಾರು ಯಾವ ಗುಂಪು ಅನ್ನುವುದು ಚೀಟಿ ಎತ್ತಿದಂತೆ.

ಕಿಸುಮುವಿನಲ್ಲಿ 18ರಿಂದ 24 ವಯಸ್ಸಿನ 2784 ಹುಡುಗರು. ಎರಡು ವರ್ಷದ ನಂತರ ಸುನ್ನತಿ ಆದವರಲ್ಲಿ ಶೇಕಡ 64 ಜನ "ಮೊದಲಿಗಿಂತ ಬಹಳ ಹೆಚ್ಚು ಸೂಕ್ಷ್ಮ" ಎಂದರು. ರಕಾಯ್‌ನಲ್ಲಿ 4456 ಜನ. ಎರಡು ವರ್ಷದ ನಂತರ ತೃಪ್ತಿ ಇದೆ ಎಂದವರು ಆದವರಲ್ಲಿ 98.4, ಆಗದವರಲ್ಲಿ 99.9.

ಸಹಜವೇ_ಸುಖ

ಚರ್ಮ ತೆಗೆದರೆ ಸೂಕ್ಷ್ಮತೆ ಜಾಸ್ತಿ ಆಯಿತಂತೆ! ಅನಂತಣ್ಣಾ, ಈಗಷ್ಟೇ ಪಿಜಿ ಡಾಕ್ಟರ್ ಅನಾಟಮಿ ಪಾಠ ಮಾಡಿದರಲ್ಲ. ಇದನ್ನು ಹೇಗೆ ನಂಬೋದು?

ಅಂಕಿಅನಂತ

ನಾನೂ ಪೂರ್ತಿ ನಂಬಲ್ಲ. 98.4, 99.9 ಅಂತ ಬಂದ ಕೂಡಲೇ ಅನುಮಾನ ಬರಬೇಕು. ಯಾವ ಊರಿನಲ್ಲಿ ನೂರಕ್ಕೆ ನೂರು ಗಂಡಸರು ತೃಪ್ತರು ಸ್ವಾಮಿ? ಎದುರಿಗೆ ಕೂತ ಆರೋಗ್ಯ ಕಾರ್ಯಕರ್ತ ಕೇಳಿದರೆ ಯಾರು ತಾನೇ ಇಲ್ಲ ಅನ್ನುತ್ತಾರೆ. ಒಳ್ಳೆಯದು ಅಂತ ಹೇಳಿಸಿಕೊಂಡು ಮಾಡಿಸಿಕೊಂಡ ಆಪರೇಷನ್ನು ಬೇರೆ. "ಸೂಕ್ಷ್ಮ" ಅಂದರೆ ಸುಖವೋ, ಬಟ್ಟೆ ತಾಗಿದರೆ ಚುರುಕ್ ಅನ್ನುವುದೋ ಅದೂ ಬೇರೆ ಬೇರೆ ಅರ್ಥ. ಎರಡು ವರ್ಷ ಮಾತ್ರ ನೋಡಿದ್ದಾರೆ.

ಆದರೆ ನಿಮ್ಮ ಕಡೆಯವರು ಎತ್ತಿ ಹಿಡಿಯುವ ಅಧ್ಯಯನಗಳೂ ತೂತು ಇರುವವೇ. ದಕ್ಷಿಣ ಕೊರಿಯಾದಲ್ಲಿ 1950ರ ದಶಕದ ಯುದ್ಧದ ನಂತರ ಅಮೆರಿಕದವರನ್ನು ನೋಡಿ ಸುನ್ನತಿ ಹಬ್ಬಿತು. ಅಲ್ಲಿ ಧರ್ಮದ ಸಂಬಂಧವೇ ಇಲ್ಲ, ಶಾಲೆ ಹುಡುಗರಿಗೆ ರಜೆಯಲ್ಲಿ ಮಾಡಿಸುತ್ತಿದ್ದರು. ಈಗ ಇಳಿದಿದೆ. 2007ರಲ್ಲಿ ಅಲ್ಲಿನ ಕಿಮ್ ಮತ್ತು ಪಾಂಗ್ 373 ಗಂಡಸರನ್ನು ಕೇಳಿದರು. ಅವರಲ್ಲಿ ಸುನ್ನತಿ ಆದವರ ಪೈಕಿ ಹಸ್ತಮೈಥುನದ ಸುಖ ಕಡಿಮೆ ಆಯಿತು ಎಂದವರು ಶೇಕಡ 48, ಜಾಸ್ತಿ ಆಯಿತು ಎಂದವರು 8. ಒಟ್ಟು ಲೈಂಗಿಕ ಜೀವನ ಹಾಳಾಯಿತು ಎಂದವರು 20, ಸುಧಾರಿಸಿತು ಎಂದವರು 6. ಇಲ್ಲಿ ಚೀಟಿ ಎತ್ತಿಲ್ಲ. ವರ್ಷಗಳ ಹಿಂದಿನದನ್ನು ನೆನಪಿಸಿಕೊಂಡು ಹೇಳಿದ್ದು. ಡೆನ್ಮಾರ್ಕಿನ 2011ರ ಅಧ್ಯಯನದಲ್ಲಿ ಸುಖದ ತುದಿ ತಲುಪಲು ಆಗಾಗ ಕಷ್ಟ ಎಂದವರು ಸುನ್ನತಿ ಆದವರಲ್ಲಿ 11, ಆಗದವರಲ್ಲಿ 4. ಆದರೆ ಅಲ್ಲಿ ಸುನ್ನತಿ ಆದವರು ನೂರಕ್ಕೆ ಐದು ಜನ ಮಾತ್ರ, ಅವರಲ್ಲಿ ಕೆಲವರಿಗಾದರೂ ಮೊದಲೇ ಏನೋ ತೊಂದರೆ ಇದ್ದು ಆಪರೇಷನ್ ಆಗಿರುತ್ತದೆ.

ಎರಡೂ ಕಡೆ ಸೇನಾಪತಿಗಳಿದ್ದಾರೆ. "ಏನೂ ವ್ಯತ್ಯಾಸ ಇಲ್ಲ" ಅಂತ 2013ರಲ್ಲಿ ದೊಡ್ಡ ಪರಾಮರ್ಶೆ ಬರೆದ ಸಿಡ್ನಿಯ ಬ್ರಯಾನ್ ಮಾರಿಸ್ ಸುನ್ನತಿಯ ಕಟ್ಟಾ ಸಮರ್ಥಕರು. ಲೇಖಕರ ಹೆಸರು ನೋಡಿದರೆ ತೀರ್ಮಾನ ಏನಿರುತ್ತೆ ಅಂತ ಅರ್ಧಕ್ಕರ್ಧ ಊಹಿಸಬಹುದು.

ಕಟ್ಟೆಪುರಾಣ

ಇದರಲ್ಲಿ ತಮಾಷೆ ಗೊತ್ತಾ? ಈಗ ಸಮರ್ಥಕರು "ಸುಖ ಕಡಿಮೆ ಆಗಲ್ಲ" ಅಂತ ಒದ್ದಾಡುತ್ತಾರೆ. ಹಿಂದಿನ ಸಮರ್ಥಕರು "ಕಡಿಮೆ ಆಗುತ್ತೆ, ಅದಕ್ಕೇ ಮಾಡಿಸಿ" ಅನ್ನುತ್ತಿದ್ದರು. 12ನೇ ಶತಮಾನದ ಯಹೂದಿ ಪಂಡಿತ, ವೈದ್ಯ ಮೈಮೋನಿಡೀಸ್ ಕಾಮದ ಆವೇಗ ತಗ್ಗಿಸುವುದೂ ಇದರ ಉದ್ದೇಶ ಅಂತ ಬರೆದಿದ್ದಾರೆ. ಅಮೆರಿಕದ ಜಾನ್ ಹಾರ್ವಿ ಕೆಲಾಗ್, ಅದೇ ಕಾರ್ನ್‌ಫ್ಲೇಕ್ಸ್ ಮನೆತನದವರು, 19ನೇ ಶತಮಾನದ ಕೊನೆಯಲ್ಲಿ ಹುಡುಗರ ಹಸ್ತಮೈಥುನ ಬಿಡಿಸಲು ಅರಿವಳಿಕೆ ಕೊಡದೆ ಸುನ್ನತಿ ಮಾಡಿ ಅಂದರು. ನೋವು ನೆನಪಿರಲಿ ಅಂತ! ಅಮೆರಿಕದ ಹುಡುಗರು ಬಿಟ್ಟರಾ? ಇಲ್ಲವಲ್ಲ.

ನಿರ್ವಾಹಕ

ಧರ್ಮದ ಹೆಸರಿನಲ್ಲಿ ಕೆಣಕುವ ಕೆಲವು ಕಾಮೆಂಟ್ ತೆಗೆದಿದ್ದೇವೆ. ಇದು ಆರೋಗ್ಯದ ಚರ್ಚೆ. ಮುಂದುವರಿಸಿ.

ಸಕ್ಕರೆ_ಸೀಮೆ

ತುಂಗಾತೀರ ಅವರೇ, ನಾನು ಎರಡೂ ಕಂಡವನು. ಮಂಡ್ಯ ಕಡೆಯವನು, ಐವತ್ತರ ಹತ್ತಿರ. ಶುಗರ್ ಇದೆ. ಡಾಕ್ಟರು ಡಾಪಾಗ್ಲಿಫ್ಲೋಜಿನ್ ಮಾತ್ರೆ ಶುರು ಮಾಡಿದ ಮೇಲೆ ತುದಿಯಲ್ಲಿ ಪದೇ ಪದೇ ಫಂಗಸ್ ಬರುತ್ತಿತ್ತು. ಮೂತ್ರದಲ್ಲಿ ಸಕ್ಕರೆ ಹೋಗುವ ಮಾತ್ರೆ ಅದು, ಹಾಗಾಗಿ ಬರುತ್ತೆ ಅಂತ ಆಮೇಲೆ ತಿಳಿಯಿತು. ಕೆರೆದು, ಸೀಳಿ, ಗಾಯ ಆಗಿ, ಕೊನೆಗೆ ಚರ್ಮ ಬಿಗಿದುಕೊಂಡಿತು. ಮೂತ್ರ ಮಾಡುವಾಗ ಬಲೂನಿನಂತೆ ಊದುತ್ತಿತ್ತು. ಹೆಂಡತಿ ಹತ್ತಿರ ಹೋಗುವುದನ್ನೇ ಬಿಟ್ಟಿದ್ದೆ.

ಆಪರೇಷನ್ ಆಯಿತು. ಮೊದಲ ವಾರ ರಾತ್ರಿ ನಿದ್ದೆಯಲ್ಲಿ ಗಡುಸಾದಾಗ ಹೊಲಿಗೆ ಎಳೆದು ಜೀವ ಹೋಗುತ್ತದೆ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಆಮೇಲೆ ಸುಮಾರು ಒಂದು ತಿಂಗಳು ಮಣಿಗೆ ಚಡ್ಡಿ ತಾಗಿದರೂ ಮೈ ಜುಂ ಅನ್ನುತ್ತಿತ್ತು. ಲುಂಗಿಯಲ್ಲೇ ಕಾಲ ಕಳೆದೆ. ಆಮೇಲೆ ಅದು ತಾನಾಗಿ ಕಡಿಮೆಯಾಯಿತು.

ಈಗ ಹೇಗಿದೆ? ಹೇಳುತ್ತೇನೆ. ಮೊದಲು ಚರ್ಮ ಹಿಂದೆ ಮುಂದೆ ಜಾರುವುದರಲ್ಲೇ ಒಂದು ಸುಖ ಇತ್ತು, ಹರೆಯದಲ್ಲಿ ಅದು ಚೆನ್ನಾಗಿ ನೆನಪಿದೆ. ಅದು ಹೋಯಿತು. ಕೈಯಲ್ಲಾದರೆ ಎಣ್ಣೆಯೋ ಜೆಲ್ಲೋ ಬೇಕು. ಹೆಂಡತಿಯ ಜೊತೆ ಸೇರುವಾಗ ಅಷ್ಟು ವ್ಯತ್ಯಾಸ ಇಲ್ಲ. ತುದಿ ತಲುಪುವುದು ಹಾಗೆಯೇ ಇದೆ. ಆದರೆ ನಾನು ಹೋಲಿಸುವುದು ಇಪ್ಪತ್ತೈದರ ನನ್ನ ಜೊತೆ ಅಲ್ಲ, ಆಪರೇಷನ್‌ಗೆ ಮುಂಚಿನ ನೋವಿನ ಜೊತೆ. ಅದಕ್ಕೆ ಹೋಲಿಸಿದರೆ ಈಗ ಸ್ವರ್ಗ. ಆರೋಗ್ಯವಾಗಿದ್ದು ಸುಮ್ನೆ ಮಾಡಿಸಿದ್ದರೆ ಇದೇ ಮಾತು ಹೇಳುತ್ತಿದ್ದೆನಾ? ಇಲ್ಲ ಅನ್ನಿಸುತ್ತೆ.

ಹೆಸರು_ಬೇಡ

ಹೆಂಗಸರೂ ಇಲ್ಲಿ ಬರೆಯಬಹುದು ಅಲ್ವಾ? ನನ್ನ ಯಜಮಾನರಿಗೆ ಇದೇ ಆಪರೇಷನ್ ಆಯಿತು. ನನಗೆ ಗೊತ್ತಾದ ವ್ಯತ್ಯಾಸ ಒಂದೇ, ಮೊದಲಿಗಿಂತ ಬೇಗ ಒಣಗಿದಂತೆ ಆಗುತ್ತದೆ, ಸ್ವಲ್ಪ ನಿಧಾನ ಬೇಕು. ಮೆಡಿಕಲ್ ಶಾಪಿನಲ್ಲಿ ನೀರಿನಿಂದ ಮಾಡಿದ ಜೆಲ್ ಸಿಗುತ್ತದೆ, ಅದು ಸಾಕು. ಮೊದಲು ಅವರು ನೋವಿಗೆ ಮುಖ ಕಿವುಚುವುದು ನೋಡಿ ನನಗೇ ಬೇಡ ಅನ್ನಿಸುತ್ತಿತ್ತು. ತುಂಗಾತೀರ ಅವರು ಡಾಕ್ಟರ ಹತ್ತಿರ ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗಲಿ.

ನ್ಯೂಜೆರ್ಸಿ_ಅಪ್ಪ

ನಮಗೆ ಮುಂದಿನ ತಿಂಗಳು ಮಗು. ಇಲ್ಲಿ ಆಸ್ಪತ್ರೆಯ ಫಾರಂನಲ್ಲೇ "ಗಂಡಾದರೆ ಸುನ್ನತಿ ಬೇಕಾ" ಅಂತ ಕೇಳಿದ್ದಾರೆ, ಕಾಫಿ ಬೇಕಾ ಅನ್ನುವಷ್ಟು ಸಲೀಸಾಗಿ. ಊರಿಂದ ಬಂದಿರುವ ಅಮ್ಮನಿಗೆ ಹೇಳಿದರೆ ಗಾಬರಿ. ಇಲ್ಲಿನ ಮಕ್ಕಳ ವೈದ್ಯರ ಸಂಘ 2012ರಲ್ಲಿ ಅಪಾಯಕ್ಕಿಂತ ಲಾಭ ಜಾಸ್ತಿ, ಆದರೆ ಎಲ್ಲರಿಗೂ ಮಾಡಿಸಿ ಅನ್ನುವಷ್ಟಲ್ಲ ಅಂತ ಹೇಳಿದೆ. ನವಜಾತ ಶಿಶುಗಳಿಗೆ ಆಸ್ಪತ್ರೆಯಲ್ಲೇ ಮಾಡುವುದು 1979ರಲ್ಲಿ ಶೇಕಡ 64.5 ಇದ್ದದ್ದು 2010ಕ್ಕೆ 58.3ಕ್ಕೆ ಇಳಿದಿದೆಯಂತೆ. ಏನು ಮಾಡಲಿ?

ಯೂರಾಲಜಿ_ಪಿಜಿ

ಅಪ್ಪನವರೇ, ನಿಮ್ಮ ಪ್ರಶ್ನೆ ಬೇರೆ, ತುಂಗಾತೀರ ಅವರ ಪ್ರಶ್ನೆ ಬೇರೆ. ಅವರಿಗೆ ಈಗ ನೋವಿದೆ, ಸುಖವೇ ಸರಿಯಾಗಿ ಸಿಗುತ್ತಿಲ್ಲ. ಅವರ ಲೆಕ್ಕದಲ್ಲಿ ಕಳೆಯುವುದೂ ಇದೆ, ಕೂಡುವುದೂ ಇದೆ. ನಿಮ್ಮ ಮಗುವಿಗೆ ಯಾವ ತೊಂದರೆಯೂ ಇಲ್ಲ. ಆರೋಗ್ಯವಂತ ಮಗುವಿನ ವಿಷಯದಲ್ಲಿ, ಧಾರ್ಮಿಕ ಕಾರಣ ಇಲ್ಲದಿದ್ದರೆ, ದೊಡ್ಡವನಾದ ಮೇಲೆ ಅವನೇ ನಿರ್ಧರಿಸಲಿ ಅನ್ನುವುದು ನನ್ನ ಅಭಿಪ್ರಾಯ. ನನ್ನ ಸೀನಿಯರ್‌ಗಳೇ ಒಪ್ಪದಿರಬಹುದು. ಜರ್ಮನಿಯಲ್ಲಿ 2012ರಲ್ಲಿ ಕಲೋನ್ ನ್ಯಾಯಾಲಯ ಮಗುವಿನ ಸುನ್ನತಿ ದೇಹಕ್ಕೆ ಹಾನಿ ಎಂದಿತು. ಅದೇ ವರ್ಷದ ಕೊನೆಗೆ ಸಂಸತ್ತು ಪೋಷಕರಿಗೆ ಅವಕಾಶ ಕೊಡುವ ಕಾನೂನು ಮಾಡಿತು. ಇಡೀ ದೇಶಕ್ಕೇ ಸುಲಭವಾಗಿರಲಿಲ್ಲ, ನಿಮಗೆ ಫಾರಂ ತುಂಬುವಾಗ ಕೈ ನಡುಗಿದರೆ ಆಶ್ಚರ್ಯ ಇಲ್ಲ.

ಒಂದು ಮಾತ್ರ ನೆನಪಿಡಿ. ಮಾಡಿಸದಿದ್ದರೆ, ಸ್ನಾನ ಮಾಡಿಸುವಾಗ ಚರ್ಮವನ್ನು ಬಲವಂತವಾಗಿ ಹಿಂದೆ ಎಳೆಯಬೇಡಿ. ಹುಟ್ಟಿದಾಗ ಅದು ಮಣಿಗೆ ಅಂಟಿಕೊಂಡೇ ಇರುತ್ತದೆ, ವರ್ಷಗಳು ಕಳೆದಂತೆ ತಾನಾಗಿ ಬಿಡುತ್ತದೆ. ಊರಲ್ಲಿ ಎಣ್ಣೆ ಹಚ್ಚಿ ದಿನಾ ಎಳೆಯುವ ಅಭ್ಯಾಸ ಕೆಲವರಿಗಿದೆ. ಅದರಿಂದ ಸೀಳಿ, ಗಾಯದ ಕಲೆ ಕೂತು, ಇಲ್ಲದ ಫೈಮೋಸಿಸ್ ಬರುತ್ತದೆ.

ತುಂಗಾತೀರ

ಎಲ್ಲರಿಗೂ ಥ್ಯಾಂಕ್ಸ್. ಸಕ್ಕರೆ ಸೀಮೆ ಅಣ್ಣಾ, ಇಷ್ಟು ಬಿಚ್ಚಿ ಬರೆದಿದ್ದಕ್ಕೆ ನಿಮಗೆ ವಿಶೇಷವಾಗಿ. ಪಿಜಿ ಡಾಕ್ಟ್ರೇ, ಆಪರೇಷನ್ ಬಿಟ್ಟು ಬೇರೆ ದಾರಿ ಇದೆಯಾ? ನನಗೆ ಇದನ್ನು ಯಾರೂ ಹೇಳಲೇ ಇಲ್ಲ.

ಯೂರಾಲಜಿ_ಪಿಜಿ

ಇದೆ. ಬೀಟಾಮೆಥಾಸೋನ್‌ನಂಥ ಸ್ಟೀರಾಯ್ಡ್ ಮುಲಾಮನ್ನು ಬಿಗಿಯಾದ ಅಂಚಿಗೆ ದಿನಕ್ಕೆರಡು ಸಲ ತೆಳ್ಳಗೆ ಹಚ್ಚಿ, ನೋವಾಗದಷ್ಟು ಮಾತ್ರ ಮೆಲ್ಲಗೆ ಹಿಗ್ಗಿಸುವುದು. ನಾಲ್ಕರಿಂದ ಎಂಟು ವಾರ. ಮಕ್ಕಳಲ್ಲಿ ಬಹಳಷ್ಟು ಜನಕ್ಕೆ ಸಾಕಾಗುತ್ತದೆ, ದೊಡ್ಡವರಲ್ಲೂ ಮೊದಲು ಪ್ರಯತ್ನಿಸಬಹುದು. ಡಾಕ್ಟರ್ ನೋಡಿ ಬರೆದುಕೊಟ್ಟ ಮೇಲೆಯೇ ಹಚ್ಚಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಸಿಕ್ಕಿದ್ದನ್ನು ಬಳಿಯಬೇಡಿ, ಫಂಗಸ್ ಇದ್ದರೆ ಸ್ಟೀರಾಯ್ಡ್‌ನಿಂದ ಜಾಸ್ತಿ ಆಗುತ್ತದೆ.

ಅಂಚಿನಲ್ಲಿ ಬಿಳಿಚಿಕೊಂಡ, ಗಟ್ಟಿ ಉಂಗುರದಂಥ ಕಲೆ ಇದೆಯಾ ನೋಡಿಸಿ. ಲೈಕೆನ್ ಸ್ಕ್ಲೆರೋಸಸ್ ಅಂತ ಒಂದು ಚರ್ಮದ ಕಾಯಿಲೆ ಇದೆ. ಅದಾದರೆ ಮುಲಾಮು ಸಾಲದೇ ಹೋಗಬಹುದು, ಆಗ ಸುನ್ನತಿಯೇ ಸರಿ, ಫೀಲಿಂಗ್ ಲೆಕ್ಕ ಆಮೇಲೆ. ಅದಲ್ಲದಿದ್ದರೆ ಚರ್ಮ ಉಳಿಸಿಕೊಂಡು ಅಂಚನ್ನು ಮಾತ್ರ ಅಗಲ ಮಾಡುವ ಪ್ರಿಪ್ಯೂಷಿಯೋಪ್ಲಾಸ್ಟಿ ಎಂಬ ಸಣ್ಣ ಆಪರೇಷನ್ನೂ ಇದೆ.

ಶುಗರ್ ಪರೀಕ್ಷೆ ಕೂಡ ಮಾಡಿಸಿ. ದೊಡ್ಡವರಲ್ಲಿ ಮುಂದೊಗಲು ಇತ್ತೀಚೆಗೆ ಬಿಗಿಯಾಗಿದ್ದರೆ ಕೆಲವರಿಗೆ ಮಧುಮೇಹ ಗೊತ್ತಾಗುವುದೇ ಇದರಿಂದ.

ಡಂಬಲ್_ದೊರೆ

ಡಾಕ್ಟ್ರೇ ಬೆಂಗಳೂರಲ್ಲಿ ಎಲ್ಲ ಕಡೆ ಲೇಸರ್, ಸ್ಟೇಪ್ಲರ್ ಅಂತ ಬೋರ್ಡ್ ಇದೆಯಲ್ಲ. ಅದರಲ್ಲಿ ಫೀಲಿಂಗ್ ಉಳಿಯುತ್ತಾ?

ಯೂರಾಲಜಿ_ಪಿಜಿ

ಚರ್ಮವನ್ನು ಯಾವುದರಿಂದ ಕತ್ತರಿಸಿದರು ಅನ್ನುವುದಕ್ಕಿಂತ ಎಷ್ಟು ಕತ್ತರಿಸಿದರು ಅನ್ನುವುದು ಮುಖ್ಯ. ಸ್ಟೇಪ್ಲರ್‌ನಲ್ಲಿ ಸಮಯ, ರಕ್ತ ಎರಡೂ ಕಡಿಮೆ ಹೋಗುತ್ತವೆ, ಪಿನ್ನುಗಳು ಕೆಲವು ವಾರಗಳಲ್ಲಿ ಉದುರುತ್ತವೆ. ಫೀಲಿಂಗ್‌ಗೂ ಅದಕ್ಕೂ ಸಂಬಂಧ ಕಟ್ಟುವುದು ಜಾಹೀರಾತು.

ತುಂಗಾತೀರ

ಅಪ್‌ಡೇಟ್. ಬೇರೆ ಡಾಕ್ಟರ ಹತ್ತಿರ ಹೋದೆವು, ಹೆಂಡತಿಯೂ ಬಂದಿದ್ದಳು. ಬಿಳಿ ಕಲೆ ಇಲ್ಲ, ಶುಗರ್ ನಾರ್ಮಲ್. ಮುಲಾಮು ಬರೆದುಕೊಟ್ಟಿದ್ದಾರೆ. ಆರು ವಾರ ಬಿಟ್ಟು ಬನ್ನಿ, ಬಗ್ಗದಿದ್ದರೆ ಆಪರೇಷನ್ ಮಾತಾಡೋಣ ಎಂದರು. ಹಾಗೆ ಆದರೆ ಅವರಿಗೆ ಏನು ಕೇಳಬೇಕು?

ಯೂರಾಲಜಿ_ಪಿಜಿ

ಕೆಳಭಾಗದಲ್ಲಿ ಮಣಿಗೆ ಅಂಟಿರುವ ಎಳೆ, ಅಂದರೆ ಫ್ರೆನ್ಯುಲಮ್, ಉಳಿಸಲು ಆಗುತ್ತಾ ಕೇಳಿ. ಬಹಳ ಜನಕ್ಕೆ ಅದೇ ಚುರುಕಾದ ಜಾಗ. ಒಳಪದರ ಎಷ್ಟು ಬಿಡುತ್ತೀರಿ, ಗಡುಸಾದಾಗ ಚರ್ಮ ಬಿಗಿಯಾಗದಷ್ಟು ಸಡಿಲ ಇಡುತ್ತೀರಾ ಅಂತಲೂ ಕೇಳಿ. ಈ ಪ್ರಶ್ನೆಗಳಿಗೆ ನಗುವ ಡಾಕ್ಟರಾದರೆ ಎದ್ದು ಬನ್ನಿ. ಆಪರೇಷನ್ ಆದ ಮೇಲೆ ನಾಲ್ಕರಿಂದ ಆರು ವಾರ ಸೇರುವುದು ಬೇಡ, ಹೊಲಿಗೆ ಬಿಟ್ಟುಕೊಂಡು ಮಧ್ಯರಾತ್ರಿ ಕ್ಯಾಶುವಾಲ್ಟಿಗೆ ಬರುವವರನ್ನು ನಾವು ನೋಡುತ್ತಲೇ ಇರುತ್ತೇವೆ.